ಕಡೆಯಲ್ಲಿ ಹಾಕಿದ ಹೆಸರು

ಬಸ್ಸಿನಲ್ಲಿ ಕಿವಿಗೆ ವೈರು ಸಿಕ್ಕಿಸಿಕೊಂಡು ಕೂತವಳನ್ನು ಕಂಡರೆ ನಮ್ಮ ಕಡೆಯ ಜನಕ್ಕೆ ಮಾತಾಡಿಸಲೇಬೇಕೆಂಬ ಅದೇನು ಚಟವೋ ಕಾಣೆ. ಮದ್ದೂರು ತಾಲೂಕಿನ ನಮ್ಮ ಕೊಪ್ಪದಲ್ಲಿ ಹತ್ತಿ ಸೀಟು ಹಿಡಿಯುವುದೇ ತಡ, ಪಕ್ಕದವರು ಮೊಣಕೈಯಲ್ಲಿ ತಿವಿದು, "ಯಾವ ಧಾರಾವಾಹಿ ಕಣವ್ವ ಅದು?" ಎನ್ನುತ್ತಾರೆ. ಧಾರಾವಾಹಿಯಲ್ಲ, ಪಾಠ ಎಂದರೆ ನನ್ನ ನೆತ್ತಿಯ ಬಿಳಿ ಕೂದಲನ್ನೊಮ್ಮೆ ನೋಡಿ ಸುಮ್ಮನಾಗುತ್ತಾರೆ. ಮೂವತ್ತೆಂಟನೆಯ ವಯಸ್ಸಿನಲ್ಲಿ, ಬೆಳಿಗ್ಗೆ ಐದಕ್ಕೆ ಎದ್ದು, ಎರಡು ಹಸು ಕರೆದು, ಡೈರಿಗೆ ಹಾಲು ಹಾಕಿ, ಮಗಳು ಗಗನಳಿಗೆ ಜಡೆ ಹೆಣೆದು, ಓಡಿ ಬಂದು ಬಸ್ಸು ಹಿಡಿದು ಕೇಳುವ ಪಾಠ. ನಿಜ ಹೇಳುತ್ತೇನೆ, ಸಾಕಾಗಿ ಹೋಗಿತ್ತು.

ನಾನು ದೀಪಿಕ. ಮಂಡ್ಯದಲ್ಲಿ ಕಬ್ಬು ಬೆಳೆಗಾರರ ಸಂಘವೊಂದರ ಕಂಪ್ಯೂಟರ್ ನೋಡಿಕೊಳ್ಳುವವಳು. ಮಂಡ್ಯ, ಮದ್ದೂರು, ಮಳವಳ್ಳಿ ಮೂರು ಕಡೆಯೂ ನಮ್ಮ ಕಚೇರಿ ಇದೆ. ಯಾರ ಗದ್ದೆಯ ಕಬ್ಬು ಯಾವಾಗ ಕಡಿಯಬೇಕು ಎಂಬ ಸರದಿ ಪಟ್ಟಿ ನಮ್ಮ ಕೈಯಲ್ಲಿದೆ. ಮೊದಲು ನಾಟಿ ಮಾಡಿದವರಿಗೆ ಮೊದಲ ಸರದಿ, ಅಷ್ಟೇ ನಿಯಮ. ಹೊರಗಿನವರಿಗೆ ಇದೊಂದು ಕಾಗದ. ನಮ್ಮಲ್ಲಿ ಈ ಕಾಗದದ ಮೇಲೆ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ. ಬಲಿತ ಕಬ್ಬು ಸರದಿ ಕಾಯುತ್ತ ನಿಂತರೆ ಗಾಳಿಗೆ ಮಲಗಿಬಿಡುತ್ತದೆ, ಮಲಗಿದ್ದನ್ನು ಇಲಿ ಕಡಿಯುತ್ತದೆ, ಉಳಿದದ್ದಕ್ಕೆ ಹಂದಿ ನುಗ್ಗುತ್ತದೆ.

ಈ ಪಟ್ಟಿಯ ಪ್ರೋಗ್ರಾಮನ್ನು ಎರಡು ವರ್ಷದ ಹಿಂದೆ ನಾನೂ ತಮೀಮನೂ ಸೇರಿ ಕಂಟೇನರಿಗೆ ಹಾಕಿದೆವು. ತಮೀಮ್ ನಮ್ಮ ಮಳವಳ್ಳಿ ಕಚೇರಿಯವನು, ನನಗಿಂತ ಮೂರು ವರ್ಷ ದೊಡ್ಡವನು, ಆದರೂ ನನ್ನನ್ನು ಮೇಡಂ ಎನ್ನುವುದು ಬಿಡಲಿಲ್ಲ. ಅವನಪ್ಪ ಬಾಬು ಜಾನ್ ಅವರದು ಅಲ್ಲಿ ಗ್ಯಾರೇಜು. ಎಂಜಿನ್ ಬಿಚ್ಚುವ ಮನೆಯಲ್ಲಿ ಹುಟ್ಟಿದ್ದಕ್ಕೋ ಏನೋ, ಬಿಚ್ಚಿ ನೋಡದೆ ಯಾವುದನ್ನೂ ನಂಬುವವನಲ್ಲ. ಕಂಟೇನರ್ ಅಂದರೆ ದೊಡ್ಡ ವಿದ್ಯೆಯೇನಲ್ಲ. ಒಂದು ಪ್ರೋಗ್ರಾಮಿಗೆ ಏನೇನು ಬೇಕೋ ಅಷ್ಟನ್ನೂ ಒಂದೇ ಡಬ್ಬಿಗೆ ತುಂಬಿ ಮುಚ್ಚಳ ಹಾಕುವುದು. ಆ ಡಬ್ಬಿ ಮಂಡ್ಯದಲ್ಲಿಟ್ಟರೂ ನಡೆಯುತ್ತದೆ, ಮಳವಳ್ಳಿಯಲ್ಲಿಟ್ಟರೂ ನಡೆಯುತ್ತದೆ. ಡಬ್ಬಿಗಳು ಹೆಚ್ಚಾದಾಗ ಅವನ್ನು ಕಾಯಲು ಇನ್ನೊಂದು ಪ್ರೋಗ್ರಾಮು ಬೇಕು, ಕಟಾವಿನ ಆಳುಗಳಿಗೆ ಮೇಸ್ತ್ರಿ ಇದ್ದ ಹಾಗೆ. ಒಂದು ಡಬ್ಬಿ ಕೆಟ್ಟು ನಿಂತರೆ ಮೇಸ್ತ್ರಿ ಅದನ್ನು ಎಸೆದು ಅಂಥದೇ ಇನ್ನೊಂದನ್ನು ತಂದು ನಿಲ್ಲಿಸುತ್ತಾನೆ. ಇದಕ್ಕೆ ಆರ್ಕೆಸ್ಟ್ರೇಶನ್ ಎನ್ನುತ್ತಾರೆ ಎಂದಾಗ ನಮ್ಮ ಯಜಮಾನರು, "ಗಣಪತಿ ಪೆಂಡಾಲಿಗೆ ಬತ್ತಾರಲ್ಲ, ಅವ್ರಾ?" ಎಂದರು. ನಗುವಷ್ಟು ಚೈತನ್ಯ ನನ್ನಲ್ಲಿರಲಿಲ್ಲ.

ಡಬ್ಬಿ ಎಸೆದರೆ ಅದರೊಳಗೆ ಬರೆದದ್ದೂ ಹೋಗುತ್ತದೆ. ಆಗ ತಮೀಮ್ ಒಂದು ಹಟ ಹಿಡಿದ. "ಯಾರ್ ಯಾವಾಗ ಪಾಸ್‌ವರ್ಡ್ ಹಾಕಿ ಬಾಗ್ಲು ತಟ್ಟಿದ್ರು ಅನ್ನೋ ಬರಹ ಡಬ್ಬಿಯಿಂದ ಆಚೆ ಇರ್ಲಿ ಮೇಡಂ. ಡಬ್ಬಿ ಸತ್ರೂ ಅದು ಉಳೀಬೇಕು" ಎಂದ. ಯಾವನು ಓದುತ್ತಾನೆ ಅದನ್ನ, ಸುಮ್ಮನೆ ಜಾಗ ದಂಡ ಎಂದು ರೇಗಿದೆ. ಅವನು ನನ್ನ ಮಾತು ಕೇಳಲಿಲ್ಲ. ದೇವರು ದೊಡ್ಡವನು.

ಪಾಸ್‌ವರ್ಡ್ ಇಟ್ಟವಳು ನಾನು. ನಮ್ಮ ಕಡೆ ಹೊಸ ಗಾಡಿ ತಂದರೂ, ಬೋರು ಕೊರೆಸಿದರೂ, ಹೊಸ ಪುಸ್ತಕ ತೆರೆದರೂ ಮೊದಲು ಬರೆಯುವುದು ಮನೆದೇವರ ಹೆಸರು. ಆ ದಿನ ಖಾಲಿ ಜಾಗ ಕಣ್ಣೆದುರು ಮಿನುಗುತ್ತಿತ್ತು. ಕೈ ತಾನಾಗಿ ಒಂದು ಹೆಸರು ಒತ್ತಿತು. ಮೂರು ಕಚೇರಿಯ ಖಾತೆಗೂ ಅದೇ ಹೆಸರನ್ನು ಇಟ್ಟು, ತಮೀಮನಿಗೆ ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ನಮ್ಮಿಬ್ಬರನ್ನು ಬಿಟ್ಟು ಇನ್ನಾರಿಗೂ ಅದು ಗೊತ್ತಿರಲಿಲ್ಲ.

ಈ ವರ್ಷ ಕಾರ್ಖಾನೆಯವರು ಪತ್ರ ಬರೆದರು. ಅವರ ವ್ಯವಸ್ಥೆಗೆ ನಮ್ಮ ಪಟ್ಟಿ ಜೋಡಿಸಬೇಕಾದರೆ ಕಂಟೇನರಿನ ಭದ್ರತೆ, ಆರ್ಕೆಸ್ಟ್ರೇಶನ್ ಎರಡನ್ನೂ ಕಲಿತು ಪಾಸಾದವರು ಸಂಘದಲ್ಲಿರಬೇಕಂತೆ. ಮ್ಯಾನೇಜರ್ ರಘುನಂದನ್ ಇಬ್ಬರನ್ನೂ ಹನ್ನೆರಡು ವಾರದ ಕೋರ್ಸಿಗೆ ಸೇರಿಸಿದರು. ಓದಲು ಬಿಡುವು ಕೊಡಿ ಸಾರ್ ಎಂದಿದ್ದಕ್ಕೆ, "ಬಸ್ಸಲ್ಲಿ ಸುಮ್ನೆ ಕೂತಿರ್ತೀರಲ್ಲ" ಎಂದರು. ಆ ಮಾತಿಗೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಆರನೆಯ ವಾರದಲ್ಲಿದ್ದಾಗ ಹಲಗೂರು ಕಡೆಯ ಚಿಕ್ಕಬೋರಯ್ಯ ಕಚೇರಿಗೆ ಬಂದರು. ಎಪ್ಪತ್ತು ದಾಟಿದ ಮುದುಕರು. ಬಿಳಿ ಪಂಚೆ, ಕಂಕುಳಲ್ಲಿ ಬಟ್ಟೆಯ ಚೀಲ. ಎರಡು ಬಸ್ಸು ಬದಲಾಯಿಸಿ ಬಂದಿದ್ದರು.

"ನಂದು ಮೂವತ್ತೊಂದ್ನೇ ಸರದಿ ಕಣವ್ವ. ನೀವೇ ಚೀಟಿ ಕೊಟ್ಟಿದ್ರಿ. ಆಳು ಬತ್ತಾರೆ ಅಂತ ದನ ಬ್ಯಾರೆ ಕಡೆ ಕಟ್ಟಿ, ದಾರಿ ಬಿಡಿಸಿ ಕಾಯ್ತಾ ಕುಂತಿವ್ನಿ. ಮೂವತ್ತೂ ಆಯ್ತು, ನಲವತ್ತೂ ಆಯ್ತು. ನನ್ ಕಬ್ಬು ಅಲ್ಲೇ ಮನಿಕತ್ತು."

ಪಟ್ಟಿ ತೆರೆದು ನೋಡಿದೆ. ಚಿಕ್ಕಬೋರಯ್ಯನವರು ಇನ್ನೂರ ನಲವತ್ತರಲ್ಲಿದ್ದರು. ಅವರೊಬ್ಬರೇ ಅಲ್ಲ, ಹಲಗೂರು ಕಡೆಯ ಒಂಬತ್ತು ಗದ್ದೆ ಕೆಳಗೆ ಬಿದ್ದಿದ್ದವು. ಅವುಗಳ ಜಾಗದಲ್ಲಿ ಬೇರೆ ಒಂಬತ್ತು ಕೂತಿದ್ದವು, ಎಲ್ಲವೂ ಬೆಸಗರಹಳ್ಳಿಯ ಒಂದೇ ಬಯಲಿನವು. ಆ ಒಂಬತ್ತೂ ಆಗಲೇ ಕಟಾವಾಗಿ, ಲಾರಿ ಹತ್ತಿ ಹೋಗಿದ್ದವು. ತಿದ್ದಿದ್ದು ಹಿಂದಿನ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಮೂರೂ ಇಪ್ಪತ್ತೊಂದಕ್ಕೆ. ತಿದ್ದಿದ ಖಾತೆ ಮಳವಳ್ಳಿಯದು, ಅಂದರೆ ತಮೀಮನದು.

ಬೆಸಗರಹಳ್ಳಿ ನನ್ನ ತವರು. ಆ ಬಯಲಿನಲ್ಲಿ ನಮ್ಮದೂ ಒಂದು ಗದ್ದೆ ಇದೆ. ಅನುಮಾನ ಮೊದಲು ನನ್ನ ಮೇಲೆ ಬರಬೇಕಿತ್ತು. ಬರಲಿಲ್ಲ. ಯಾಕೆಂದರೆ ನಮ್ಮ ಯಜಮಾನರ ದೊಡ್ಡಪ್ಪ ಸಂಘದ ನಿರ್ದೇಶಕರು. ಮಳವಳ್ಳಿಯ ಗ್ಯಾರೇಜಿನವರ ಮಗನಿಗೆ ಅಂಥ ದೊಡ್ಡಪ್ಪ ಇರಲಿಲ್ಲ. ರಘುನಂದನ್ ಅವತ್ತೇ ತಮೀಮನ ಕೈಯಿಂದ ಬೀಗದ ಕೈ, ಲ್ಯಾಪ್‌ಟಾಪ್ ಎಲ್ಲ ಇಸಿದುಕೊಂಡರು. ಶನಿವಾರ ನಿರ್ದೇಶಕರ ಸಭೆ, ಅಲ್ಲಿ ಅವನನ್ನು ತೆಗೆದುಹಾಕುವುದು ಎಂದು ಮಾತಾಯಿತು. ಪಟ್ಟಿಯನ್ನು ಸರಿಮಾಡಿ ಚಿಕ್ಕಬೋರಯ್ಯನವರಿಗೆ ಮುಂದಿನ ಸರದಿ ಕೊಟ್ಟೆವು. ಕಾರ್ಖಾನೆ ಒಂದು ವಾರ ನಿಂತಿದ್ದರಿಂದ ಅದೂ ಕೈಗೆ ಬರಲಿಲ್ಲ. ಮುದುಕರು ದಿನಾ ಬಂದು ಬೆಂಚಿನ ಮೇಲೆ ಕೂರತೊಡಗಿದರು. ಬೈಯುತ್ತಿರಲಿಲ್ಲ, ಅದೇ ಕಷ್ಟ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ.

ಬುಧವಾರ ತಮೀಮ್ ಫೋನ್ ಮಾಡಿದ.

"ಮೇಡಂ, ನಾನು ಮಾಡಿಲ್ಲ."

"ನಂಗೊತ್ತು ಕಣಪ್ಪ."

"ನಿಮ್ಗೊತ್ತು ಅಂದ್ರೆ ಸಾಕಾಗಲ್ಲ ಮೇಡಂ. ಆಲಿಯಾ ಎರಡು ದಿನದಿಂದ ಅನ್ನ ತಿಂದಿಲ್ಲ. ಸ್ಕೂಲ್ ಹತ್ರ ಯಾರೋ ಮಗೂನ ಕೇಳಿದ್ರಂತೆ, ನಿಮ್ಮಪ್ಪ ಕಳ್ಳನಾ ಅಂತ." ಆಲಿಯಾ ಅವನ ಹೆಂಡತಿ. ಆಮೇಲೆ ಅವನೇ ಹೇಳಿದ, "ಆಚೆ ಇಟ್ಟಿದ್ನಲ್ಲ, ಬಾಗ್ಲು ತಟ್ಟಿದವರ ಬರಹ. ಅದನ್ನ ಒಂದ್ಸಲ ನೋಡ್ತೀರಾ? ನಂಗೀಗ ಒಳಗೆ ಹೋಗಕ್ಕಾಗಲ್ಲ."

ನೋಡುತ್ತೇನೆ ಎಂದೆ.

ಮರುದಿನ ಬಸ್ಸಿನಲ್ಲಿ ಬಂದದ್ದು ಭದ್ರತೆಯ ಪಾಠ. ಹೇಳಿಕೊಡುವ ಹೆಣ್ಣುಮಗಳ ದನಿ ತಣ್ಣಗಿತ್ತು. ಕಂಟೇನರು ಪದರ ಪದರವಾಗಿ ಕಟ್ಟಿದ್ದು, ಮೇಲಿನ ಪದರದಲ್ಲಿ ಏನನ್ನು ಅಳಿಸಿದರೂ ಕೆಳಗಿನ ಪದರದಲ್ಲಿ ಅದು ಉಳಿದೇ ಇರುತ್ತದೆ ಎಂದಳು. ಪಾಸ್‌ವರ್ಡನ್ನು ಡಬ್ಬಿಯೊಳಗೆ ಬರೆಯಬೇಡಿ ಎಂದಳು. ನಾನು ಬರೆದಿದ್ದೆ, ಆಮೇಲೆ ಅಳಿಸಿದ್ದೆ, ಅಳಿಸಿಹೋಯಿತು ಎಂದುಕೊಂಡಿದ್ದೆ. ಮೂರು ಬಾಗಿಲಿಗೆ ಒಂದೇ ಬೀಗ ಹಾಕಬೇಡಿ ಎಂದಳು. ಹಾಕಿದ್ದೆ. ಯಾರಾದರೂ ತಪ್ಪು ಪಾಸ್‌ವರ್ಡ್ ಹಾಕಿದರೆ, ಆ ತಪ್ಪು ಪದವನ್ನು ಅಪ್ಪಿತಪ್ಪಿಯೂ ಬರೆದಿಡಬೇಡಿ ಎಂದಳು. ಅಯ್ಯೋ ಶಿವನೇ, ಅದನ್ನೂ ಮಾಡಿದ್ದೆ. ಒಂದು ಪಾಠದಲ್ಲಿ ಇಷ್ಟು ಉಗಿಸಿಕೊಂಡವಳು ಈ ಮಂಡ್ಯ ಜಿಲ್ಲೆಯಲ್ಲಿ ಇನ್ನೊಬ್ಬಳಿರಲಾರಳು.

ಹತ್ತು ಗಂಟೆಗೆ ಕಚೇರಿ ಸೇರಿ, ಬ್ಯಾಗು ಕೂಡ ಕೆಳಗಿಡದೆ ಆ ಬರಹ ತೆರೆದೆ. ಆ ಭಾನುವಾರ, ಮೂರೂ ಹತ್ತರಿಂದ ಮೂರೂ ಇಪ್ಪತ್ತೊಂದರವರೆಗೆ, ಯಾರೋ ಒಂದು ಮೊಬೈಲಿನಿಂದ ಮಳವಳ್ಳಿ ಖಾತೆಯ ಬಾಗಿಲು ಏಳು ಸಲ ತಟ್ಟಿದ್ದರು.

ಮೊದಲನೆಯದು ನನ್ನ ಹೆಸರು, ಮುಂದೆ ಒಂದು ಎರಡು ಮೂರು. ಎರಡನೆಯದು ನನ್ನ ಮಗಳ ಹೆಸರು, ಮುಂದೆ ಅವಳು ಹುಟ್ಟಿದ ವರ್ಷ. ಅಷ್ಟಕ್ಕೆ ನನಗೇನೂ ಆಗಲಿಲ್ಲ, ಯಾರು ಬೇಕಾದರೂ ಊಹಿಸಬಹುದಾದದ್ದು.

ಮೂರನೆಯದು, ಕಂದಮಾಸ.

ಕಂದ ಮತ್ತು ಮಾಸ ನಮ್ಮಪ್ಪನ ಎತ್ತುಗಳು. ನಾನು ಆರನೇ ಕ್ಲಾಸಿನಲ್ಲಿದ್ದಾಗ ಕೊಟ್ಟುಬಿಟ್ಟೆವು. ಕೊಟ್ಟ ದಿನ ನಾನು ಉಂಡಿರಲಿಲ್ಲ.

ನಾಲ್ಕನೆಯದು, ಜೀರಿಗೆ. ಹುಟ್ಟಿದಾಗ ಅಷ್ಟು ಸಣ್ಣಗಿದ್ದೆನಂತೆ, ಅಪ್ಪ ನನ್ನನ್ನು ಹಾಗೇ ಕರೆಯುತ್ತಿದ್ದರು. ಅವರು ಹೋಗಿ ಒಂಬತ್ತು ವರ್ಷವಾಯಿತು. ಆಮೇಲೆ ಯಾರೂ ಹಾಗೆ ಕರೆದಿಲ್ಲ. ಐದನೆಯದು ನಾಲ್ಕು ಅಂಕಿ, ಅಪ್ಪನ ಲೂನಾ ಗಾಡಿಯ ನಂಬರು. ಆರನೆಯದು ಚೌಡಮ್ಮ, ನನ್ನ ಗಂಡನ ಮನೆಯ ದೇವರು. ಏಳನೆಯದನ್ನು ಬರೆದಿರಲಿಲ್ಲ, ಬಾಗಿಲು ತೆರೆಯಿತು ಎಂದಷ್ಟೇ ಇತ್ತು. ಆದರೆ ಏಳನೆಯದು ನನಗೆ ಗೊತ್ತಲ್ಲ. ಮುತ್ತತ್ತಿರಾಯ. ನನ್ನ ತವರಿನ ಮನೆದೇವರು.

ಕುರ್ಚಿಯಲ್ಲಿ ಕೂತೆ. ಈ ಏಳೂ ಒಟ್ಟಿಗೆ ಗೊತ್ತಿರುವುದು ಲೋಕದಲ್ಲಿ ಮೂರು ಜನಕ್ಕೆ. ಒಬ್ಬಳು ನಾನು. ಇನ್ನೊಬ್ಬರು ನಮ್ಮವ್ವ ಚಲುವಮ್ಮ, ಅವರಿಗೆ ಫೋನಿನಲ್ಲಿ ಹಸಿರು ಗುಂಡಿ ಬಿಟ್ಟು ಬೇರೆ ತಿಳಿಯದು. ಮೂರನೆಯವನು ನನ್ನ ತಮ್ಮ ಯತೀಶ.

"ಏನಾದ್ರೂ ಗೊತ್ತಾಯ್ತಾ?" ಎಂದು ರಘುನಂದನ್ ಬಾಗಿಲಲ್ಲಿ ನಿಂತು ಕೇಳಿದರು. ಇಲ್ಲ ಸಾರ್ ಎಂದೆ. ಎಷ್ಟು ಸಲೀಸಾಗಿ ಸುಳ್ಳು ಬಂತು ನೋಡಿ.

ಮಂಡ್ಯಕ್ಕೆ ಹೋಗಲು ನಾನು ಮದ್ದೂರಿನಲ್ಲಿ ಬಸ್ಸು ಬದಲಿಸಬೇಕು. ಕೊಪ್ಪದಿಂದ ಮದ್ದೂರಿಗೆ ಹೋಗುವ ಬಸ್ಸು ಬೆಸಗರಹಳ್ಳಿಯ ಮೇಲೇ ಹೋಗುತ್ತದೆ. ದಿನಕ್ಕೆ ಎರಡು ಸಲ ತವರೂರನ್ನು ಕಿಟಕಿಯಲ್ಲಿ ನೋಡುತ್ತೇನೆ, ಇಳಿಯಲು ಪುರುಸೊತ್ತಿಲ್ಲ. ಶುಕ್ರವಾರ ಮೂರು ಗಂಟೆಗೇ ಕಚೇರಿ ಬಿಟ್ಟು ಹೊರಟು ಅಲ್ಲಿ ಇಳಿದೆ. ಯತೀಶ ಗದ್ದೆಯಲ್ಲಿದ್ದ. ಕಬ್ಬು ಕಡಿದ ಜಾಗದಲ್ಲಿ ಒಣ ತರಗಿಗೆ ಬೆಂಕಿ ಹಾಕಿ, ಉಳಿದ ಕೂಳೆ ಚಿಗುರಲೆಂದು ನೀರು ಬಿಟ್ಟಿದ್ದ. ನನ್ನನ್ನು ಕಂಡು ಮುಖ ಅರಳಿಸಿದ, ಮರುಗಳಿಗೆಯೇ ಅದು ಬಾಡಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ನಾನಿನ್ನೂ ಬಾಯಿ ತೆರೆದಿರಲಿಲ್ಲ.

"ಯಾಕ್ಲಾ ಇಂಗ್ ಮಾಡ್ದೆ?"

"ಏನ್ ಮಾಡ್ದೆ?"

"ಕಂದ, ಮಾಸ, ಜೀರಿಗೆ. ಇನ್ನೂ ಹೇಳ್ಲಾ?"

ಅವನು ಗುದ್ದಲಿ ಕೆಳಗಿಟ್ಟ. ಬದುವಿನ ಮೇಲೆ ಕೂತ.

"ಮಾಡ್ದೆ. ಏನೀಗ? ಊರೆಲ್ಲಾ ಏನಂತದೆ ಗೊತ್ತಾ ನಿಂಗೆ? ಅಕ್ಕ ಆಪೀಸ್‌ನಾಗೇ ಅವ್ಳೆ, ನಿಂದೇನ್ಲಾ ಯೋಚ್ನೆ ಅಂತದೆ. ನನ್ ಸರದಿ ಇನ್ನೂರ ಹದಿನಾಲ್ಕು! ಎದ್ರುಗಡೆ ಬಯಲೋನು ಯಾರ್ದೋ ಕಾಲಿಡ್ದು ಮೊದ್ಲೇ ಕಡಿಸ್ಕತಾನೆ. ನಾನು ನಿನ್ನ ಕೇಳುದ್ನಾ? ಹೋದ್ವರ್ಸ ಒಂದ್ಸಲ ಕೇಳ್ದೆ. ನೀನೇನಂದೆ? ನಿಯಮ ಅಂದೆ."

"ನಿಯಮಾನೇ ಕಣ್ಲಾ ಅದು."

"ನಿಯಮ ಬರೀ ನಮ್ಗೇನಾ ಇರಾದು?"

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ಕೋಪಕ್ಕೆ ನ್ಯಾಯ ಅನ್ಯಾಯ ಎಲ್ಲಿ ಕಾಣುತ್ತದೆ.

"ಪಟ್ಟಿ ತಿದ್ದೋ ಪೇಜು ಎಲ್ಲಿ ಸಿಕ್ತು ನಿಂಗೆ?"

"ಅಪ್ಪನ ತಿಥಿಗೆ ಬಂದಾಗ ನೀನೇ ಇಲ್ಲಿ ಕುಂತು ತೆಗ್ದಿದ್ದೆ. ನನ್ ಫೋನ್ನಲ್ಲೇ." ಆಮೇಲೆ ದನಿ ತಗ್ಗಿಸಿ ಹೇಳಿದ, "ನಮ್ದೊಂದೇ ಎತ್ತುದ್ರೆ ನಿನ್ ಮ್ಯಾಲೆ ಬತ್ತದೆ ಅಂತ ಬಯಲೆಲ್ಲಾ ಎತ್ತುದೆ ಕಣಕ್ಕ. ಮಂಡ್ಯದ ಖಾತೇಲಿ ಮಾಡುದ್ರೂ ನಿನ್ ಮ್ಯಾಲೆ ಬತ್ತದೆ ಅಂತ ಮಳವಳ್ಳೀದು ಆರಿಸ್ದೆ. ಅದ್ರ ಪಾಸ್‌ವರ್ಡೂ ನೀನೇ ಇಟ್ಟಿರ್ತೀಯ ಅನ್ಕಂಡೆ."

"ಅಲ್ಲಿ ಒಬ್ಬ ಮನುಷ ಅವ್ನೆ ಕಣ್ಲಾ! ನಾಳೆ ಅವ್ನ ಕೆಲ್ಸ ತೆಗೀತಾರೆ. ಅವ್ನ ಮಗೂಗೆ ದಾರೀಲಿ ಕಳ್ಳನ್ ಮಗ ಅಂತಾವ್ರೆ."

"ಅವ್ರಪ್ಪಂದು ಗ್ಯಾರೇಜ್ ಅದಲ್ಲ, ಎಂಗೋ ಬದೀಕತಾನೆ ಬುಡು."

ಆ ಮಾತು ಕೇಳಿ ನನ್ನ ಕೈ ಮೇಲೆದ್ದಿತು. ಹೊಡೆಯಲಿಲ್ಲ. ಇವನನ್ನು ಸೊಂಟದ ಮೇಲೆ ಹೊತ್ತು ಸಾಕಿದ ಕೈ ಅದು. "ನಾಚ್ಕೆ ಆಗಾಕಿಲ್ವಾ ನಿಂಗೆ? ಹಲಗೂರಿನ ಮುದ್ಕಪ್ಪ ದಿನಾ ಬಂದು ಬೆಂಚ್ ಮ್ಯಾಲೆ ಕೂರ್ತಾನೆ. ನಮ್ಮಪ್ಪನ್ ವಯಸ್ಸು" ಎಂದೆ.

"ನೀನ್ ಹೇಳುದ್ರೆ ನಾನು ಈ ಊರಲ್ಲಿ ತಲೆ ಎತ್ಕಂಡು ಓಡಾಡಂಗಿಲ್ಲ. ಎಂಟು ಮನೆಯೋರೂ ನನ್ ಮ್ಯಾಲೇ ಬೀಳ್ತಾರೆ. ಅವ್ವ ಸತ್ತೋಯ್ತಾಳೆ ಅಕ್ಕ. ಹೇಳ್ತೀಯಾ?"

ಗೊತ್ತಿಲ್ಲ ಎಂದೆ. ನಿಜಕ್ಕೂ ಗೊತ್ತಿರಲಿಲ್ಲ. ಮನೆಗೆ ಹೋಗದೆ, ಅವ್ವನ ಮುಖ ನೋಡದೆ, ರಸ್ತೆಗೆ ಬಂದು ಬಸ್ಸಿಗೆ ಕೈ ಅಡ್ಡ ಹಾಕಿದೆ. ಕೊಪ್ಪದವರೆಗೂ ನಿಂತೇ ಹೋದೆ. ಸೀಟು ಖಾಲಿಯಿತ್ತು, ಕೂರಬೇಕೆನ್ನುವುದೇ ಹೊಳೆಯಲಿಲ್ಲ.

ಶನಿವಾರದ ಸಭೆಗೆ ಒಂದು ಉಪಾಯ ಹೂಡಿಕೊಂಡು ಹೋದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಬರಹವನ್ನು ಮುದ್ರಿಸಿ, ತಪ್ಪು ಹಾಕಿದ ಪದಗಳಿದ್ದ ಕಡೆ ಕಾಗದವನ್ನು ಒಳಕ್ಕೆ ಮಡಿಚಿಕೊಂಡಿದ್ದೆ. ಹನ್ನೊಂದು ಗಂಟೆಗೆ ಮೇಜಿನ ಸುತ್ತ ನಿರ್ದೇಶಕರು ಕೂತರು. ನಡುವೆ ಅಧ್ಯಕ್ಷರು, ಪಕ್ಕದಲ್ಲಿ ರಘುನಂದನ್. ಬಾಗಿಲ ಹತ್ತಿರ ತಮೀಮ್ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ, ಕುತ್ತಿಗೆಯ ಹತ್ತಿರ ಅದು ಸಡಿಲವಾಗಿತ್ತು. ದೂರು ಕೊಟ್ಟವರೆಂದು ಚಿಕ್ಕಬೋರಯ್ಯನವರನ್ನೂ ಕರೆದಿದ್ದರು. ಅವರು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಗೋಡೆ ಬದಿಯಲ್ಲಿ ಕೂತಿದ್ದರು.

"ಒಳಗೆ ಬಂದವರು ಆರು ಸಲ ತಪ್ಪು ಹಾಕಿದ್ದಾರೆ ಸಾರ್" ಎಂದು ಶುರುಮಾಡಿದೆ. "ತಮೀಮ್‌ಗೆ ಪಾಸ್‌ವರ್ಡ್ ಎರಡು ವರ್ಷದಿಂದ ಬಾಯಿಪಾಠ. ಗೊತ್ತಿರೋನು ಆರು ಸಲ ತಪ್ಪುತ್ತಾನಾ? ಇದು ಯಾರೋ ಹೊರಗಿನವರ ಕೆಲಸ. ಪಾಸ್‌ವರ್ಡ್ ಸುಲಭದ್ದು ಇಟ್ಟಿದ್ದು ನನ್ನ ತಪ್ಪು."

ಇಷ್ಟಕ್ಕೆ ಮುಗಿಯಲಿ ಎಂದು ಒಳಗೊಳಗೇ ಬೇಡಿಕೊಂಡೆ. ಅಧ್ಯಕ್ಷರು ತಲೆಯಾಡಿಸಿದರು ಕೂಡ. ಆದರೆ ರಘುನಂದನ್ ಬುದ್ಧಿವಂತರು.

"ಬೇಕೂಂತಲೇ ತಪ್ಪು ಹಾಕಿರಬಹುದಲ್ಲಮ್ಮ. ಸಿಕ್ಕಿಬಿದ್ರೆ ಹೊರಗಿನೋರು ಅನ್ನಲಿ ಅಂತ. ಇವನಿಗೆ ಆ ಬುದ್ಧಿ ಇಲ್ವಾ? ಏನೇನ್ ಹಾಕಿದ್ದಾನೆ, ಓದಿ."

ತಮೀಮ್ ನನ್ನ ಕಡೆ ನೋಡಿದ. ನನ್ನ ಕಡೆಯಲ್ಲ, ನನ್ನ ಕೈಯಲ್ಲಿದ್ದ ಮಡಿಕೆಯ ಕಡೆ. ಎರಡು ವರ್ಷ ಒಂದೇ ಪರದೆ ನೋಡಿ ಕೆಲಸ ಮಾಡಿದವನು. ಮಡಿಚಿದ ಕಾಗದ ಅವನಿಗೆ ಅರ್ಥವಾಯಿತು ಎಂದು ನನಗೂ ಅರ್ಥವಾಯಿತು. ಬಿಚ್ಚಿ ನೋಡಿ ಎಂದು ಅವನು ಒಂದು ಮಾತು ಹೇಳಿದ್ದರೆ ನಾನು ಅವನ ಮೇಲೇ ಸಿಟ್ಟಾಗಿ ಬಚಾವಾಗಿಬಿಡುತ್ತಿದ್ದೆನೋ ಏನೋ. ಕಣ್ಣು ಕೆಳಗೆ ಮಾಡಿ ಸುಮ್ಮನೆ ನಿಂತ.

ಕಾಗದ ಬಿಚ್ಚಿದೆ. ಓದಿದೆ. ನನ್ನ ಹೆಸರು, ಮಗಳ ಹೆಸರು. ಕಂದಮಾಸ ಎಂದಾಗ ಅಧ್ಯಕ್ಷರು, "ಅಂಗಂದ್ರೆ ಏನು?" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಗೋಡೆ ಬದಿಯಿಂದ ಚಿಕ್ಕಬೋರಯ್ಯ ಹೇಳಿದರು. "ಎತ್ತಿನ ಹೆಸ್ರಲ್ವಾ ಬುದ್ಧಿ. ಒಂದು ಕಂದು ಬಣ್ಣದ್ದು, ಒಂದು ಮಾಸಲು. ಜೋಡಿ ಇರ್ಬೇಕು. ಯಾರ ಮನೇವವ್ವ ಅವು?"

ಕೇಳಿದ್ದರಲ್ಲಿ ಕೊಂಕಿರಲಿಲ್ಲ. ಎತ್ತು ಕಂಡವರು ಎತ್ತಿನ ಬಗ್ಗೆ ಕೇಳುವ ಹಾಗೆ ಕೇಳಿದರು.

"ನಮ್ಮನೇವು ತಾತ" ಎಂದೆ. "ನಮ್ಮಪ್ಪ ಕರಿಯಪ್ಪನ ಎತ್ತು. ಜೀರಿಗೆ ಅಂದ್ರೆ ನಾನು. ಈ ಅಂಕಿ ನಮ್ಮಪ್ಪನ ಗಾಡೀದು. ಕಡೇಲಿ ತೆಗೆದಿದ್ದು ನಮ್ಮ ತವರಿನ ಮನೆದೇವ್ರ ಹೆಸರು. ಇದನ್ನೆಲ್ಲ ಬಲ್ಲೋನು ನನ್ನ ತಮ್ಮ ಯತೀಶ ಒಬ್ಬನೇ. ಅವನೇ ಮಾಡಿದ್ದು, ನನ್ನೆದುರು ಒಪ್ಪಿಕೊಂಡವನೆ. ತಮೀಮ್‌ಗೂ ಇದಕ್ಕೂ ಸಂಬಂಧ ಇಲ್ಲ. ಗುರುವಾರದಿಂದ ನಂಗೆ ಗೊತ್ತಿತ್ತು. ಇಲ್ಲ ಅಂತ ಸುಳ್ಳು ಹೇಳಿದ್ದೆ."

ಯಜಮಾನರ ದೊಡ್ಡಪ್ಪ ಕನ್ನಡಕ ತೆಗೆದು ಒರೆಸತೊಡಗಿದರು, ಒರೆಸುತ್ತಲೇ ಇದ್ದರು. ನನಗೆ ಅಲ್ಲೇ ನೆಲದ ಮೇಲೆ ಮಲಗಿ ನಿದ್ದೆ ಮಾಡಬೇಕು ಅನ್ನಿಸಿತು. ಅಳು ಬರಲಿಲ್ಲ.

ಆಗಬೇಕಾದ್ದು ಆಯಿತು. ಯತೀಶನ ಸದಸ್ಯತ್ವವನ್ನು ಒಂದು ವರ್ಷ ತಡೆಹಿಡಿದರು. ಆ ಬಯಲಿನ ಒಂಬತ್ತೂ ಗದ್ದೆ ಮುಂದಿನ ಸಲ ಪಟ್ಟಿಯ ಕೊನೆಗೆ. ಎಂಟು ಮನೆಯವರು ನಮ್ಮವ್ವನ ಜೊತೆ ಮಾತು ಬಿಟ್ಟರು. ಕಳ್ಳತನದಲ್ಲಿ ಸರದಿ ಬಂದಾಗ ಇವರಾರೂ ಯಾಕೆ ಎಂದು ಕೇಳಿರಲಿಲ್ಲ, ಅದು ಬೇರೆ ಮಾತು. ಮೂರೂ ಕಚೇರಿಯ ಕಂಪ್ಯೂಟರಿನ ಉಸ್ತುವಾರಿ ತಮೀಮನಿಗೆ ಹೋಯಿತು. ಈಗ ನಾನು ಅವನ ಕೈಕೆಳಗೆ. ಅವನು ಈಗಲೂ ಮೇಡಂ ಎನ್ನುತ್ತಾನೆ. ಮೊದಲ ದಿನ ಬಂದು, "ಚಹಾ ಕುಡೀತೀರಾ?" ಎಂದು ಮಾತ್ರ ಕೇಳಿದ. ಇಬ್ಬರೂ ಕುಡಿದೆವು. ಚಿಕ್ಕಬೋರಯ್ಯನವರ ಕಬ್ಬು ಕಡಿದ ದಿನ ಅವರು ಎರಡು ಜಲ್ಲೆ ತಂದು ನನ್ನ ಮೇಜಿಗೆ ಒರಗಿಸಿಟ್ಟು ಹೋದರು.

ಕೋರ್ಸು ಮುಗಿಯಿತು. ತಮೀಮ್ ಚೆನ್ನಾಗಿ ಪಾಸಾದ, ನಾನು ಎರಡು ಅಂಕದಲ್ಲಿ ದಾಟಿಕೊಂಡೆ. ಹಳೆಯ ಡಬ್ಬಿಗಳನ್ನೆಲ್ಲ ಎಸೆದು, ಕೆಳಗಿನ ಪದರದಿಂದ ಹಿಡಿದು ಹೊಸದಾಗಿ ಕಟ್ಟಿದೆವು. ಮುತ್ತತ್ತಿರಾಯನ ಹೆಸರು ಈಗ ಯಾವ ಪದರದಲ್ಲೂ ಇಲ್ಲ.

ಗೌರಿ ಹಬ್ಬ ಬಂತು. ತವರಿಂದ ಬಾಗಿನ ತರುವವನು ತಮ್ಮ. ಸಭೆ ಮುಗಿದು ಎರಡು ತಿಂಗಳಾದರೂ ಅವನ ಫೋನಿರಲಿಲ್ಲ, ನಾನೂ ಮಾಡಿರಲಿಲ್ಲ. ಬೆಳಿಗ್ಗೆಯಿಂದ ಬಾಗಿಲ ಕಡೆ ನೋಡಬಾರದು ಎಂದುಕೊಂಡೇ ನೋಡುತ್ತಿದ್ದೆ. ಗಗನ ಎರಡು ಸಲ ಮಾವ ಬರಲಿಲ್ವಾ ಎಂದು ಕೇಳಿ ಬೈಸಿಕೊಂಡಳು. ಹನ್ನೆರಡರ ಹೊತ್ತಿಗೆ ಮನೆ ಮುಂದೆ ಬೈಕು ನಿಂತಿತು. ಯತೀಶ ಮೊರ ಹಿಡಿದು ಬಂದು ಜಗಲಿಯ ಮೇಲಿಟ್ಟ. ಅರಿಶಿನ ಕುಂಕುಮ, ಬಳೆ, ಬೆಲ್ಲ, ಕಣದ ಬಟ್ಟೆ, ಎಲ್ಲವೂ ಇತ್ತು. ಅವ್ವನ ಕೈ ಅದು. ಅವನು ಒಳಗೆ ಬರಲಿಲ್ಲ. ಮೆಟ್ಟು ಕೂಡ ಬಿಡಲಿಲ್ಲ.

"ಅವ್ವ ಕಳುಸ್ತು" ಎಂದ.

"ಒಳೀಕ್ ಬಾ. ಒಬ್ಬಟ್ಟು ಮಾಡಿವ್ನಿ."

"ಬ್ಯಾಡ. ಕೆಲ್ಸ ಅದೆ." ಹೋಗಲೂ ಇಲ್ಲ. ಕಂಬ ಹಿಡಿದುಕೊಂಡು ನಿಂತ. ಆಮೇಲೆ ಮೊರದ ಕಡೆ ನೋಡುತ್ತ ಹೇಳಿದ, "ಒಂದ್ ಮಾತು. ಎಲ್ಲಾ ಹಾಕಿ, ಅದ್ನ ಕಡೇಲಿ ಹಾಕ್ದೆ. ಯಾಕೆ ಗೊತ್ತಾ?"

"ಯಾಕೆ?"

"ನಿನ್ ಮದ್ವೆ ಆಗಿ ಹದ್ನಾಲ್ಕು ವರ್ಸ ಆಯ್ತು. ನಿನ್ ಮನೆದೇವ್ರು ಈಗ ಚೌಡಮ್ಮ. ನಮ್ದು ಇರಾಕಿಲ್ಲ ಅನ್ಕಂಡೇ, ಇನ್ನೇನೂ ಹೊಳೀದೆ, ಸುಮ್ನೆ ಮುತ್ತತ್ತಿರಾಯ ಅಂತ ಒತ್ದೆ. ತೆಗೀತು. ನಂಗೆ ಅಳುವೇ ಬಂದ್ಬುಡ್ತು ಕಣಕ್ಕ. ಗದ್ದೆ ಬದೀನ ಮ್ಯಾಲೆ ಕುಂತು ಅತ್ತೆ."

"ಅತ್ತು?"

"ಅತ್ತು, ಕಣ್ಣೊರೆಸ್ಕಂಡು, ಸರದಿ ತಿದ್ದಿದೆ."

ಇವನಿಗೆ ಬೈಯಬೇಕೋ, ಇವನ ತಲೆ ಸವರಬೇಕೋ ತಿಳಿಯಲಿಲ್ಲ. ಮೊರದ ಅಂಚು ಹಿಡಿದುಕೊಂಡು ನಿಂತೆ.

"ಈಗ ಏನ್ ಹೆಸ್ರು ಇಟ್ಟಿದ್ದೀಯೆ?" ಎಂದ. ಕಣ್ಣಲ್ಲಿ ಹಳೆಯ ತುಂಟತನ ಚೂರು ಇತ್ತು, ಭಯವೂ ಇತ್ತು.

"ಈಗ ನಾವ್ ಇಡಾದಲ್ಲ ಕಣ್ಲಾ. ಮಿಷಿನ್ನೇ ಇಟ್ಕತದೆ. ಬರೀ ಅಕ್ಷರ, ಅಂಕಿ. ದಿನಾ ಬದಲಾಯಿಸ್ತದೆ. ನಂಗೂ ಗೊತ್ತಾಗಾಕಿಲ್ಲ."

"ಅಂಗಾರೆ ನಮ್ಮದೇನೂ ಇಲ್ಲ ಅದ್ರಾಗೆ."

"ಇಲ್ಲ."

ಅವನು ತಲೆಯಾಡಿಸಿದ. ಬೈಕು ಹತ್ತಿ, ಸ್ಟಾರ್ಟ್ ಮಾಡಿ, ತಿರುಗಿ ನೋಡದೆ, "ಬತ್ತೀನಿ ಜೀರಿಗೆ" ಎಂದು ಹೊರಟುಹೋದ.